ಗಳಿಕೆಯ ಪಟ್ಟಿಯೂ ಆಟದ ಎತ್ತರವೂ: ದಿ ಹೆಂಡನ್ ಮಾಬ್ ಪೋಕರ್ ದಾಖಲೆ ತಾಣದ ವಿಮರ್ಶೆ

ಟೂರ್ನಿ ಪೋಕರ್‌ನ ಅತ್ಯುತ್ತಮ ಆಟಗಾರ ಯಾರು ಎಂಬ ವಾದ ಮೈಸೂರಿನ ನಮ್ಮ ಬಳಗದಲ್ಲಿ ಎಷ್ಟೇ ಬಿಸಿಯೇರಿದರೂ ಕೊನೆಗೆ ಯಾರಾದರೊಬ್ಬರು ಮೊಬೈಲ್ ಕೈಗೆತ್ತಿಕೊಂಡು ತೆರೆಯುವುದು ಒಂದೇ ತಾಣವನ್ನು. ಅದು ದಿ ಹೆಂಡನ್ ಮಾಬ್. ಜಗತ್ತಿನ ನಾನಾ ಕಡೆ ಮೇಜಿನ ಸುತ್ತ ಕುಳಿತು ಆಡಿದ ಪೋಕರ್ ಟೂರ್ನಿಗಳ ಫಲಿತಾಂಶಗಳನ್ನು ಆಟಗಾರರ ಹೆಸರಿನಡಿ ಜೋಡಿಸಿ, ಯಾರು ಎಲ್ಲಿ, ಯಾವಾಗ, ಎಷ್ಟನೇ ಸ್ಥಾನ ಪಡೆದರು, ಎಷ್ಟು ಬಹುಮಾನ ಗೆದ್ದರು ಎಂಬುದನ್ನು ತೋರಿಸುವ ದಾಖಲೆ ತಾಣ ಇದು. ದಾಖಲೆಯ ಮಟ್ಟಿಗೆ ಇದಕ್ಕೆ ಸಾಟಿಯಾದ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ಇದರ ಅತ್ಯಂತ ಜನಪ್ರಿಯ ಪುಟವಾದ ಸಾರ್ವಕಾಲಿಕ ಗಳಿಕೆಯ ಪಟ್ಟಿಯನ್ನು ಹಿಡಿದುಕೊಂಡು ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಭಾವಿಸಿದರೆ ದಾರಿ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಉತ್ತರದ ಹತ್ತಿರಕ್ಕೆ ಕರೆದೊಯ್ಯುವ ಸಾಮಗ್ರಿಯೂ ಅದೇ ತಾಣದಲ್ಲಿದೆ, ಆದರೆ ಅದು ಇರುವುದು ಹೆಚ್ಚಿನವರು ತೆರೆಯದ ಒಳಪುಟಗಳಲ್ಲಿ.

ತಾಣದ ಹುಟ್ಟಿನ ಕಥೆ ಚಿಕ್ಕದು. ಬಾರ್ನಿ ಬೋಟ್‌ಮನ್, ರಾಸ್ ಬೋಟ್‌ಮನ್, ಜೋ ಬೀವರ್ಸ್ ಮತ್ತು ರಾಮ್ ವಾಸ್ವಾನಿ ಎಂಬ ನಾಲ್ವರು ಲಂಡನ್ ಆಟಗಾರರು ತಮ್ಮ ಗುಂಪಿಗೆ ಇಟ್ಟುಕೊಂಡ ಹೆಸರೇ ತಾಣದ ಹೆಸರಾಯಿತು. ಹೆಂಡನ್ ಎಂಬುದು ಲಂಡನ್ನಿನ ಒಂದು ಬಡಾವಣೆ. 1999ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ಆಟಗಾರರ ಕೈಯೆಲೆಗಳನ್ನು ಮೇಜಿನ ಕೆಳಗಿನ ಕ್ಯಾಮೆರಾದಿಂದ ತೋರಿಸುವ ಕಾರ್ಯಕ್ರಮ ಆರಂಭವಾದಾಗ ಈ ನಾಲ್ವರೂ ಮನೆಮಾತಾದರು. ಆಮೇಲೆ ಅವರ ತಾಣದ ಫಲಿತಾಂಶ ಸಂಗ್ರಹವೇ ಅವರಿಗಿಂತ ದೊಡ್ಡದಾಗಿ ಬೆಳೆಯಿತು. ಈಗ ಅದು ಗ್ಲೋಬಲ್ ಪೋಕರ್ ಇಂಡೆಕ್ಸ್ ಎಂಬ ಶ್ರೇಯಾಂಕ ಸಂಸ್ಥೆಯ ಜೊತೆಗಿದೆ. ನೋಡಲು ಹಣ ಕೊಡಬೇಕಿಲ್ಲ. ಇಲ್ಲಿ ಯಾರೂ ಎಲೆ ಹಂಚುವುದಿಲ್ಲ, ಪಣ ಕಟ್ಟಿಸಿಕೊಳ್ಳುವುದಿಲ್ಲ; ಹಣ ತೊಡಗಿಸಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ 2025ರ ಕಾಯ್ದೆ ನಿಷೇಧಿಸಿರುವುದರಿಂದ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಇದು ಆಡುವ ಜಾಗವಲ್ಲ, ಆಟದ ಲೆಕ್ಕಪುಸ್ತಕ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಿಗೆ ಹೊಸ ಆಟಗಳನ್ನು ರೂಪಿಸಿ ಅವುಗಳ ವಿವರಗಳನ್ನು ಬರೆಯಿಸಿಟ್ಟ ಊರಿನಲ್ಲಿ ಎಲೆಯಾಟದ ದಾಖಲೆಯನ್ನು ಗೌರವದಿಂದ ನೋಡುವವರಿಗೆ ಬರವಿಲ್ಲ.

ಮೊದಲು ಗಳಿಕೆಯ ಪಟ್ಟಿಯನ್ನೇ ನೋಡೋಣ, ಏಕೆಂದರೆ ಎಲ್ಲರೂ ಮೊದಲು ನೋಡುವುದು ಅದನ್ನೇ. ಪಟ್ಟಿಯ ತುದಿಯಲ್ಲಿ ಅಮೆರಿಕದ ಬ್ರಿನ್ ಕೆನಿ ಇದ್ದಾರೆ. ಅವರ ಒಟ್ಟು ಬಹುಮಾನ 7 ಕೋಟಿ ಡಾಲರ್ ದಾಟಿದೆ. ಅದರಲ್ಲಿ 2 ಕೋಟಿ ಡಾಲರಿಗೂ ಹೆಚ್ಚು ಬಂದದ್ದು 2019ರಲ್ಲಿ ಲಂಡನ್ನಿನಲ್ಲಿ ನಡೆದ ಟ್ರೈಟನ್ ಮಿಲಿಯನ್ ಎಂಬ ಒಂದೇ ಟೂರ್ನಿಯಿಂದ. ಆ ಟೂರ್ನಿಯ ಪ್ರವೇಶ ಶುಲ್ಕ 10.5 ಲಕ್ಷ ಪೌಂಡ್, ಅದರಲ್ಲಿ 50,000 ಪೌಂಡ್ ದಾನಕ್ಕೆ ಹೋಯಿತು. ಆಡಿದವರು 54 ಮಂದಿ, ಅವರಲ್ಲಿ ವೃತ್ತಿಪರರ ಜೊತೆಗೆ ಆಹ್ವಾನಿತ ಉದ್ಯಮಿಗಳೂ ಇದ್ದರು. ಇಲ್ಲಿ ಗಮನಿಸಬೇಕಾದದ್ದು, ಕೆನಿ ಆ ಟೂರ್ನಿಯನ್ನು ಗೆಲ್ಲಲಿಲ್ಲ. ಗೆದ್ದವರು ಆರನ್ ಝಾಂಗ್. ಕೊನೆಯ ಇಬ್ಬರು ಉಳಿದಾಗ ಕೆನಿಯ ಬಳಿ ಚಿಪ್ಸ್, ಅಂದರೆ ಪಣಕ್ಕಿಡುವ ಬಿಲ್ಲೆಗಳು, ಬಹಳ ಹೆಚ್ಚಿದ್ದುದರಿಂದ ಇಬ್ಬರೂ ಬಹುಮಾನ ಹಂಚಿಕೆಗೆ ಒಪ್ಪಂದ ಮಾಡಿಕೊಂಡರು. ಅದರಂತೆ ಕೆನಿಗೆ ಸುಮಾರು 1.69 ಕೋಟಿ ಪೌಂಡ್ ಸಿಕ್ಕಿತು, ಟ್ರೋಫಿ ಎತ್ತಿದ ಝಾಂಗ್‌ಗೆ ಸುಮಾರು 1.38 ಕೋಟಿ ಪೌಂಡ್. ಟೂರ್ನಿ ಪೋಕರ್ ಇತಿಹಾಸದ ಅತಿದೊಡ್ಡ ಏಕೈಕ ಬಹುಮಾನ ಎರಡನೇ ಸ್ಥಾನಕ್ಕೆ ಬಂದದ್ದು. ಕೆನಿ ಬಲಿಷ್ಠ ಆಟಗಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಪಟ್ಟಿಯ ಮೊದಲ ಸಾಲಿನ ಆ ಭಾರೀ ಮೊತ್ತ ನಮಗೆ ತಿಳಿಸುವುದು ಅಂದಿನ ಪ್ರವೇಶ ಶುಲ್ಕದ ಗಾತ್ರವನ್ನೇ ಹೊರತು ಆಟದ ಎತ್ತರವನ್ನಲ್ಲ. 2012ರ ಬಿಗ್ ಒನ್ ಫಾರ್ ಒನ್ ಡ್ರಾಪ್ ಟೂರ್ನಿಯಲ್ಲೂ ಹಾಗೆಯೇ. ತಲಾ 10 ಲಕ್ಷ ಡಾಲರ್ ಕೊಟ್ಟು ಆಡಿದ 48 ಜನರಲ್ಲಿ ಗೆದ್ದ ಆಂಟೋನಿಯೊ ಎಸ್ಫಾಂಡಿಯಾರಿಗೆ 1.83 ಕೋಟಿ ಡಾಲರ್ ದೊರೆತು, ಅವರು ಒಂದೇ ಸಂಜೆಯಲ್ಲಿ ಪಟ್ಟಿಯ ನೆತ್ತಿಗೇರಿದರು.

ಇನ್ನೂ ಆಳವಾದ ಕೊರತೆ ಬೇರೆಯೇ ಇದೆ. ಪಟ್ಟಿಯಲ್ಲಿರುವುದು ಬಂದ ಹಣ ಮಾತ್ರ, ಹೋದ ಹಣ ಇಲ್ಲ. ಒಂದು ಟೂರ್ನಿಗೆ ಆಟಗಾರ ಕಟ್ಟಿದ ಶುಲ್ಕ, ಔಟಾದ ಮೇಲೆ ಮತ್ತೆ ಹಣ ಕಟ್ಟಿ ರೀ-ಎಂಟ್ರಿ ಪಡೆದದ್ದು, ಬಹುಮಾನವಿಲ್ಲದೆ ಎದ್ದುಹೋದ ಟೂರ್ನಿಗಳು, ಇವು ಯಾವುವೂ ಅಲ್ಲಿ ಕಾಣುವುದಿಲ್ಲ. ಒಟ್ಟು ರನ್ನುಗಳನ್ನು ಮಾತ್ರ ಕೊಟ್ಟು, ಬ್ಯಾಟ್ಸ್‌ಮನ್ ಎಷ್ಟು ಇನ್ನಿಂಗ್ಸ್ ಆಡಿದ, ಎಷ್ಟು ಸಲ ಸೊನ್ನೆಗೆ ಔಟಾದ ಎಂಬುದನ್ನು ಹೇಳದ ಸ್ಕೋರ್ ಪಟ್ಟಿಯನ್ನು ಮಾನಸಗಂಗೋತ್ರಿಯ ಮೈದಾನದಲ್ಲಿ ರಣಜಿ ಪಂದ್ಯ ನೋಡಿ ಬೆಳೆದ ಯಾರೂ ಒಪ್ಪಲಾರರು. ಇದರ ಜೊತೆಗೆ, ದೊಡ್ಡ ಶುಲ್ಕದ ಟೂರ್ನಿಗಳಲ್ಲಿ ಅನೇಕರು ತಮ್ಮ ಪಾಲನ್ನು ಬೇರೆಯವರಿಗೆ ಮಾರಿರುತ್ತಾರೆ ಅಥವಾ ಪರಸ್ಪರ ಶೇಕಡಾವಾರು ಹಂಚಿಕೊಂಡಿರುತ್ತಾರೆ. ಹೆಸರಿನ ಮುಂದೆ 50 ಲಕ್ಷ ಡಾಲರ್ ಎಂದಿದ್ದರೂ ಆಟಗಾರನ ಮನೆಗೆ ಹೋದದ್ದು ಅದರ ಒಂದು ಭಾಗವಷ್ಟೇ ಇರಬಹುದು. ಇದು ತಾಣದವರ ಅಪ್ರಾಮಾಣಿಕತೆಯಲ್ಲ ಎಂದು ಒತ್ತಿ ಹೇಳಬಯಸುತ್ತೇನೆ. ಆಯೋಜಕರು ಪ್ರಕಟಿಸುವುದು ಬಹುಮಾನ ಪಡೆದವರ ಪಟ್ಟಿಯನ್ನು, ಅದನ್ನೇ ಅವರು ದಾಖಲಿಸುತ್ತಾರೆ. ಆದರೆ ಓದುವವರಿಗೆ ಈ ಅರಿವು ಇಲ್ಲದಿದ್ದರೆ ಅಂಕಿ ಸತ್ಯವಾಗಿದ್ದೂ ತೀರ್ಮಾನ ಸುಳ್ಳಾಗುತ್ತದೆ.

ಕಾಲದ ವ್ಯತ್ಯಾಸವನ್ನಂತೂ ಗಳಿಕೆಯ ಪಟ್ಟಿ ಪೂರ್ತಿ ಅಳಿಸಿಹಾಕುತ್ತದೆ. ಸ್ಟೂ ಉಂಗರ್ ಅವರನ್ನೇ ತೆಗೆದುಕೊಳ್ಳಿ. ಲಾಸ್ ವೇಗಾಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ವಾರ್ಷಿಕ ಸರಣಿಯ ಮುಖ್ಯ ಟೂರ್ನಿಯನ್ನು ಅವರು 1980, 1981 ಮತ್ತು 1997ರಲ್ಲಿ ಗೆದ್ದರು. 1981ರಲ್ಲಿ ಆಡಿದವರು 75 ಮಂದಿ, ಮೊದಲ ಬಹುಮಾನ 3,75,000 ಡಾಲರ್. ಇಂದಿನ ಭಾರೀ ಶುಲ್ಕದ ಹೈ ರೋಲರ್ ಟೂರ್ನಿಗಳಲ್ಲಿ ಅಷ್ಟು ಹಣ ಐದನೇ, ಆರನೇ ಸ್ಥಾನಕ್ಕೂ ಬರುತ್ತದೆ. ಹೀಗಾಗಿ ಮೂರು ಬಾರಿ ವಿಶ್ವ ಚಾಂಪಿಯನ್ ಆದ ಉಂಗರ್ ಗಳಿಕೆಯ ಪಟ್ಟಿಯಲ್ಲಿ ಎಷ್ಟೋ ಕೆಳಗೆ ಹುದುಗಿಹೋಗಿದ್ದಾರೆ. ಮಂಡ್ಯ, ಮೈಸೂರು ಸೀಮೆಯ ರಮ್ಮಿ ಪ್ರಿಯರಿಗೆ ಅವರ ಬಗ್ಗೆ ಇನ್ನೊಂದು ಸಂಗತಿ ಆಸಕ್ತಿ ಹುಟ್ಟಿಸಬಹುದು: ಉಂಗರ್ ಮೂಲತಃ ಜಿನ್ ರಮ್ಮಿ ಆಟಗಾರ, ಆ ಆಟದಲ್ಲಿ ಅವರ ಎದುರು ಕುಳಿತುಕೊಳ್ಳಲು ಯಾರೂ ಒಪ್ಪದಂತಾದಾಗ ಪೋಕರ್ ಕಡೆ ತಿರುಗಿದವರು. ಅವರು ತೀರಿಕೊಂಡದ್ದು 1998ರಲ್ಲಿ. ಆಮೇಲೆ ಇದುವರೆಗೆ ಯಾರೂ ಆ ಮುಖ್ಯ ಟೂರ್ನಿಯನ್ನು ಎರಡು ಬಾರಿ ಗೆದ್ದಿಲ್ಲ.

ಏಕೆ ಗೆದ್ದಿಲ್ಲ ಎಂಬುದಕ್ಕೆ ನಮ್ಮ ಬಳಗದ ನಿವೃತ್ತ ಗಣಿತ ಮೇಷ್ಟರು ಕೊಡುವ ಲೆಕ್ಕ ಸರಳವಾಗಿದೆ. 2003ರಲ್ಲಿ ಆನ್‌ಲೈನ್ ಸ್ಯಾಟಲೈಟ್, ಅಂದರೆ ಕಡಿಮೆ ಶುಲ್ಕದ ಅರ್ಹತಾ ಟೂರ್ನಿಯ ಮೂಲಕ ಬಂದ ಕ್ರಿಸ್ ಮನಿಮೇಕರ್ ಎಂಬ ಹವ್ಯಾಸಿ ಗೆದ್ದಾಗ ಅಲ್ಲಿ 839 ಜನ ಆಡಿದ್ದರು. 2024ರಲ್ಲಿ ಆಡಿದವರು 10,112. ಒಬ್ಬ ಆಟಗಾರ ಸರಾಸರಿ ಆಟಗಾರನಿಗಿಂತ ಹತ್ತು ಪಟ್ಟು ಸಮರ್ಥ ಎಂದೇ ಇಟ್ಟುಕೊಂಡರೂ ಅವನು ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದರಷ್ಟೇ ಆಗುತ್ತದೆ. ಒಂದು ಆಯುಷ್ಯದಲ್ಲಿ ಯಾರೂ ಅಂಥ ಸಾವಿರ ಟೂರ್ನಿ ಆಡುವುದಿಲ್ಲ. ಆದ್ದರಿಂದ ಇಂದಿನ ಮುಖ್ಯ ಟೂರ್ನಿಯ ಗೆಲುವು ಅಪಾರ ಸಂತೋಷದ ಸಂಗತಿ, ಆದರೆ ಶ್ರೇಷ್ಠತೆಯ ಸಾಕ್ಷಿಯಾಗಿ ಅದಕ್ಕೆ ತೂಕ ಕಡಿಮೆ.

ಹಣವನ್ನು ಬದಿಗಿಟ್ಟವರು ಬ್ರೇಸ್‌ಲೆಟ್ ಎಣಿಸುತ್ತಾರೆ. ವರ್ಲ್ಡ್ ಸೀರೀಸ್‌ನ ಪ್ರತಿ ಟೂರ್ನಿಯ ವಿಜೇತರಿಗೂ ಕೊಡುವ ಈ ಕೈಕಡಗಗಳಲ್ಲಿ ಫಿಲ್ ಹೆಲ್ಮ್ಯೂತ್ ಬಳಿ 17 ಇವೆ, ಮೊದಲನೆಯದು 1989ರ ಮುಖ್ಯ ಟೂರ್ನಿಯದು, ಹದಿನೇಳನೆಯದು 2023ರದು. 24 ವರ್ಷದ ಹುಡುಗನಾಗಿದ್ದಾಗ ಸತತ ಮೂರನೇ ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಜಾನಿ ಚಾನ್ ಅವರನ್ನು ಸೋಲಿಸಿದ ಆಟಗಾರ ಮೂವತ್ತನಾಲ್ಕು ವರ್ಷಗಳ ನಂತರವೂ ಗೆಲ್ಲುತ್ತಿದ್ದಾರೆ ಎಂದರೆ ಅದು ಅಸಾಧಾರಣ ಸಾಧನೆಯೇ. ನಮ್ಮಲ್ಲಿ ಹೆಲ್ಮ್ಯೂತ್ ಪಕ್ಷದ ತರುಣನೊಬ್ಬ, "ಮೇಷ್ಟ್ರೇ, ಹದಿನೇಳು ಅಂದ್ರೆ ಹದಿನೇಳು, ಎರಡನೆಯವ್ರು ಹನ್ನೊಂದ್ರಲ್ಲಿ ನಿಂತಿದ್ದಾರೆ, ಇನ್ನೇನು ಲೆಕ್ಕ ಬೇಕು ನಿಮ್ಗೆ?" ಎಂದು ಕೇಳುವುದರಲ್ಲಿ ನ್ಯಾಯವಿದೆ. ಆ ಹನ್ನೊಂದರವರು ಫಿಲ್ ಐವಿ. ಐವಿಯ ಪರವಾಗಿರುವ ಮೇಷ್ಟರ ಉತ್ತರವೂ ತಾಣದ ಐವಿ ಪುಟದಲ್ಲೇ ಇದೆ: ಐವಿಯ ಹನ್ನೊಂದು ಬ್ರೇಸ್‌ಲೆಟ್‌ಗಳಲ್ಲಿ ಒಂದೂ ಹೋಲ್ಡೆಮ್ ಎಂಬ ಪೋಕರ್ ಬಗೆಯದ್ದಲ್ಲ, ಎಲ್ಲವೂ ಒಮಾಹ, ಸ್ಟಡ್, ಡ್ರಾ ಎಂಬ ಬೇರೆ ಬಗೆಗಳವು ಮತ್ತು ಮಿಶ್ರ ಆಟಗಳವು, ಆದರೂ ಹೋಲ್ಡೆಮ್‌ನ ಮುಖ್ಯ ಟೂರ್ನಿಯಲ್ಲಿ ಅವರು 2003ರಲ್ಲಿ ಹತ್ತನೆಯವರಾಗಿ, 2009ರಲ್ಲಿ ಏಳನೆಯವರಾಗಿ ಮುಗಿಸಿದ್ದಾರೆ. ಹೆಲ್ಮ್ಯೂತ್ ಅವರ ಬಹುಪಾಲು ಗೆಲುವುಗಳು ಹೋಲ್ಡೆಮ್‌ನವು. ಒಂದೇ ಆಟದಲ್ಲಿ ಪಳಗುವುದಕ್ಕೂ ಎಲ್ಲ ಬಗೆಯ ಆಟಗಳಲ್ಲಿ ಕೈ ಕುದುರಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಬ್ರೇಸ್‌ಲೆಟ್‌ಗಳ ಬೆಲೆಯೂ ಒಂದೇ ಸಮನಾಗಿಲ್ಲ. ಎಪ್ಪತ್ತರ ದಶಕದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಟೂರ್ನಿಗಳಿದ್ದವು, ಈಗ ಲಾಸ್ ವೇಗಾಸ್‌ನ ಬೇಸಿಗೆಯೊಂದರಲ್ಲೇ ನೂರರ ಆಸುಪಾಸು ನಡೆಯುತ್ತವೆ.

ಇಲ್ಲಿಗೆ ನಾನು ಈ ತಾಣದ ನಿಜವಾದ ಶಕ್ತಿ ಎಂದು ನಂಬಿರುವ ಭಾಗಕ್ಕೆ ಬರುತ್ತೇನೆ. ಆಟಗಾರನ ಪುಟದಲ್ಲಿ ಪ್ರತಿ ಫಲಿತಾಂಶವೂ ದಿನಾಂಕ, ದೇಶದ ಬಾವುಟ, ಟೂರ್ನಿಯ ಹೆಸರು, ಸ್ಥಾನ, ಬಹುಮಾನಗಳ ಸಮೇತ ಒಂದೊಂದು ಸಾಲಾಗಿ ನಿಂತಿರುತ್ತದೆ. ಟೂರ್ನಿಯ ಹೆಸರನ್ನು ಒತ್ತಿದರೆ ಅದರಲ್ಲಿ ಬಹುಮಾನ ಪಡೆದ ಎಲ್ಲರ ಪಟ್ಟಿ ತೆರೆದುಕೊಳ್ಳುತ್ತದೆ. ಅಂದರೆ ಒಬ್ಬ ಆಟಗಾರ ಯಾರನ್ನು ಹಿಂದಿಕ್ಕಿದ ಎಂಬುದನ್ನು, ಅವರು ಯಾರು ಎಂಬುದನ್ನು ಮತ್ತೊಂದು ಒತ್ತಿನಲ್ಲಿ, ಹೀಗೆ ಎಳೆ ಹಿಡಿದು ಹೋಗಬಹುದು. ಗಳಿಕೆಯ ಪಟ್ಟಿ ಮರೆಮಾಡುವ ಸಾಧನೆಗಳು ಈ ದಾರಿಯಲ್ಲಿ ಸಿಗುತ್ತವೆ. ಡ್ಯಾನ್ ಹ್ಯಾರಿಂಗ್ಟನ್ 1995ರಲ್ಲಿ ಮುಖ್ಯ ಟೂರ್ನಿ ಗೆದ್ದವರು. 2003ರಲ್ಲಿ 839 ಜನರ ನಡುವೆ ಮೂರನೆಯವರಾದರು, ಮರುವರ್ಷವೇ 2,576 ಜನರ ನಡುವೆ ನಾಲ್ಕನೆಯವರಾದರು. ಅವರ ಹಣದ ಮೊತ್ತವನ್ನು ಮಾತ್ರ ನೋಡುವವರಿಗೆ ಈ ಎರಡು ಸಾಲುಗಳು ಪಕ್ಕಪಕ್ಕದಲ್ಲಿ ನಿಂತಾಗ ಹೊಮ್ಮುವ ಅರ್ಥ ಎಂದಿಗೂ ದಕ್ಕದು. ಮಾರ್ಕ್ ನ್ಯೂಹೌಸ್ 2013 ಮತ್ತು 2014ರಲ್ಲಿ ಆರು ಸಾವಿರಕ್ಕೂ ಮಿಕ್ಕಿದ ಜನರ ನಡುವೆ ಎರಡೂ ವರ್ಷ ಅಂತಿಮ ಮೇಜಿಗೆ ಬಂದು, ಎರಡೂ ಸಲ ಒಂಬತ್ತನೆಯವರಾಗಿ ಎದ್ದರು. ಆಟದ ಚರಿತ್ರೆಯ ಅಪೂರ್ವ ಸಾಲುಗಳಿವು, ಯಾವ ಶ್ರೇಯಾಂಕದಲ್ಲೂ ಮೇಲೆ ಕಾಣುವುದಿಲ್ಲ.

ಈ ರೀತಿಯ ಓದು ನನ್ನನ್ನು ಕರೆದೊಯ್ದದ್ದು ಎರಿಕ್ ಸೈಡೆಲ್ ಅವರ ಪುಟಕ್ಕೆ, ಟೂರ್ನಿ ಪೋಕರ್‌ನ ಅತ್ಯುತ್ತಮ ಆಟಗಾರ ಅವರೇ ಎಂದು ನಾನು ವಾದಿಸುವುದೂ ಆ ಪುಟದ ಬಲದಿಂದಲೇ. ಬ್ಯಾಕ್‌ಗ್ಯಾಮನ್ ಆಡಿ, ಷೇರು ಮಾರುಕಟ್ಟೆಯಲ್ಲಿ ದುಡಿದು ಪೋಕರ್‌ಗೆ ಬಂದ ಸೈಡೆಲ್ 1988ರ ಮುಖ್ಯ ಟೂರ್ನಿಯಲ್ಲಿ ಜಾನಿ ಚಾನ್ ಎದುರು ಎರಡನೆಯವರಾದರು. ಆ ಸೋಲಿನಿಂದಷ್ಟೇ ಅವರನ್ನು ನೆನೆಯುವವರು ಇಂದಿಗೂ ಇದ್ದಾರೆ. ಪುಟದಲ್ಲಿ ಮುಂದಕ್ಕೆ ಬಂದರೆ 1992, 1993, 1994ರಲ್ಲಿ ವರ್ಷಕ್ಕೊಂದರಂತೆ ಬ್ರೇಸ್‌ಲೆಟ್. ಮುಂದೆ 1998, 2001, 2003, 2005, 2007. ಇವು ಒಂದೇ ಆಟದವಲ್ಲ, ಪಣಕ್ಕೆ ಮಿತಿಯಿರುವ ಲಿಮಿಟ್ ಹೋಲ್ಡೆಮ್, ಒಮಾಹ, ಡ್ರಾ, ಮಿತಿಯಿಲ್ಲದ ನೋ-ಲಿಮಿಟ್ ಎಲ್ಲವೂ ಸೇರಿವೆ. 2008ರಲ್ಲಿ ವರ್ಲ್ಡ್ ಪೋಕರ್ ಟೂರ್‌ನ ಒಂದು ಪ್ರಶಸ್ತಿ. 2010ರಲ್ಲಿ ಪೋಕರ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡಾಗ ಅದು ಮುಗಿದ ಆಟಜೀವನಕ್ಕೆ ಸಂದ ಗೌರವದಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಮರುವರ್ಷದ ಸಾಲುಗಳನ್ನು ನಿಧಾನವಾಗಿ ಓದಬೇಕು. 2011ರಲ್ಲಿ ಐವತ್ತು ದಾಟಿದ್ದ ಸೈಡೆಲ್ ಮೆಲ್ಬರ್ನ್‌ನಲ್ಲಿ 2.5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಶುಲ್ಕದ ಟೂರ್ನಿ ಗೆದ್ದು 25 ಲಕ್ಷ ಪಡೆದರು, ಇಬ್ಬರಿಬ್ಬರೇ ಎದುರುಬದುರು ಕುಳಿತು ಆಡುವ ರಾಷ್ಟ್ರೀಯ ಹೆಡ್ಸ್-ಅಪ್ ಚಾಂಪಿಯನ್‌ಶಿಪ್ ಗೆದ್ದರು, ಆ ವರ್ಷದ ಗಳಿಕೆ 60 ಲಕ್ಷ ಡಾಲರ್ ಮೀರಿತು. ಅದು ಸಾಫ್ಟ್‌ವೇರ್ ಸಹಾಯದಿಂದ, ಸಂಭವನೀಯತೆಯ ಲೆಕ್ಕಾಚಾರದಿಂದ ಆಟವನ್ನು ಮರಳಿ ಕಲಿತ ಹೊಸ ತಲೆಮಾರು ಬಂದಿದ್ದ ಕಾಲ. ಅವರ ಓರಗೆಯ ಅನೇಕರು ಹಿಂದೆ ಸರಿದಾಗ ಇವರು ಆ ಹುಡುಗರ ಮೇಜಿಗೇ ಹೋಗಿ ಕುಳಿತರು. 2015ರಲ್ಲಿ ಮೊನಾಕೊದಲ್ಲಿ 1 ಲಕ್ಷ ಯೂರೊ ಶುಲ್ಕದ ಟೂರ್ನಿ ಗೆದ್ದರು. 2023ರಲ್ಲಿ, 64ನೇ ವಯಸ್ಸಿನಲ್ಲಿ, ಬಹಾಮಾಸ್‌ನಲ್ಲಿ 50,000 ಡಾಲರ್ ಶುಲ್ಕದ ಟೂರ್ನಿ ಗೆದ್ದು ಹತ್ತನೇ ಬ್ರೇಸ್‌ಲೆಟ್ ಪಡೆದರು. ದೊಡ್ಡ ಶುಲ್ಕದ ಸಣ್ಣ ಟೂರ್ನಿಗಳು ಗಳಿಕೆಯ ಪಟ್ಟಿಯನ್ನು ಉಬ್ಬಿಸುತ್ತವೆ ಎಂದು ಮೇಲೆ ಹೇಳಿದ ನಾನೇ ಅವುಗಳನ್ನು ಸೈಡೆಲ್ ಪರವಾಗಿ ಎತ್ತಿ ಹಿಡಿಯುವುದು ವಿರೋಧಾಭಾಸವೆನಿಸಬಹುದು. ಹಾಗಲ್ಲ. ನಾನು ನೋಡುವುದು ಮೊತ್ತವನ್ನಲ್ಲ, ಆ ಟೂರ್ನಿಗಳ ಪುಟ ತೆರೆದಾಗ ಅವರ ಕೆಳಗೆ ಸಿಗುವ ಹೆಸರುಗಳನ್ನು. ಅಲ್ಲಿರುವವರು ತಮ್ಮ ಕಾಲದ ಅತಿ ಕಠಿಣ ಎದುರಾಳಿಗಳು, ಹಲವರು ಸೈಡೆಲ್ ಮೊದಲ ಬ್ರೇಸ್‌ಲೆಟ್ ಗೆದ್ದಾಗ ಶಾಲೆಯಲ್ಲಿದ್ದವರು. ಮೊದಲ ಬ್ರೇಸ್‌ಲೆಟ್‌ನಿಂದ ಕೊನೆಯದರವರೆಗಿನ ಹೆಲ್ಮ್ಯೂತ್ ಅವರ ಅವಧಿ ಸೈಡೆಲ್ ಅವರದಕ್ಕಿಂತ ಮೂರು ವರ್ಷ ಹೆಚ್ಚೇ ಇದೆ, ಆದರೆ ಅದರ ಬಹುಭಾಗ ಒಂದೇ ಸರಣಿಯ ಅಂಗಳದಲ್ಲಿ ಮೂಡಿದ್ದು. ಕಾಲವನ್ನೂ ಆಟದ ಬಗೆಯನ್ನೂ ಎದುರಾಳಿಯ ಬಲವನ್ನೂ ಒಟ್ಟಿಗೆ ಇಟ್ಟು ತೂಗಿದಾಗ ನನ್ನ ತಕ್ಕಡಿ ಸೈಡೆಲ್ ಕಡೆಗೇ ವಾಲುತ್ತದೆ.

ಗ್ಲೋಬಲ್ ಪೋಕರ್ ಇಂಡೆಕ್ಸ್‌ನ ಶ್ರೇಯಾಂಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಶುಲ್ಕ, ಸ್ಪರ್ಧಿಗಳ ಸಂಖ್ಯೆ ಮತ್ತು ಮುಗಿಸಿದ ಸ್ಥಾನಗಳಿಗೆ ಅಂಕ ಕೊಟ್ಟು, ಕಳೆದ ಮೂರು ವರ್ಷಗಳ ಫಲಿತಾಂಶಗಳಲ್ಲಿ ಹಳೆಯವಕ್ಕೆ ತೂಕ ಇಳಿಸುತ್ತ ಹೋಗುತ್ತದೆ. ಈಗ ಯಾರು ಚೆನ್ನಾಗಿ ಆಡುತ್ತಿದ್ದಾರೆ ಎಂಬುದಕ್ಕೆ ಅದು ಗಳಿಕೆಯ ಪಟ್ಟಿಗಿಂತ ಉತ್ತಮ ಅಳತೆ. ಮೂರು ಬ್ರೇಸ್‌ಲೆಟ್‌ಗಳ ವನೆಸ್ಸಾ ಸೆಲ್ಬ್‌ಸ್ಟ್ ಅದರ ಮೊದಲ ಸ್ಥಾನಕ್ಕೇರಿದಾಗ ಹಣದ ಮೊತ್ತವಷ್ಟೇ ಹೇಳಲಾಗದ ಸಂಗತಿಯೊಂದನ್ನು ಅದು ಹೇಳಿತ್ತು. ಎಲ್ಲ ಕಾಲದ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ, ಅದು ಹಾಗೆಂದು ಹೇಳಿಕೊಳ್ಳುವುದೂ ಇಲ್ಲ.

ನಮ್ಮ ಓದುಗರಿಗೆ ದೇಶವಾರು ಪಟ್ಟಿ ವಿಶೇಷ ಸಂತೋಷ ಕೊಡಬಹುದು. ಭಾರತ ಎಂದು ಆರಿಸಿಕೊಂಡರೆ 2017ರಲ್ಲಿ ಜೊತೆಯಾಗಿ ಆಡಿ ಬ್ರೇಸ್‌ಲೆಟ್ ಗೆದ್ದ ನಿಪುಣ್ ಜಾವಾ ಮತ್ತು ಆದಿತ್ಯ ಸುಶಾಂತ್, 2024ರಲ್ಲಿ 2.5 ಲಕ್ಷ ಡಾಲರ್ ಶುಲ್ಕದ ಟೂರ್ನಿ ಗೆದ್ದು 54 ಲಕ್ಷ ಡಾಲರಿಗೂ ಹೆಚ್ಚು ಪಡೆದ ಸಂತೋಷ್ ಸುವರ್ಣ ಮೊದಲಾದವರ ಪುಟಗಳು ಸಿಗುತ್ತವೆ. ಗೋವಾದ ಕ್ಯಾಸಿನೊಗಳಲ್ಲಿ ನಡೆದ ಟೂರ್ನಿಗಳ ಫಲಿತಾಂಶಗಳೂ ಇರುವುದರಿಂದ, ದೊಡ್ಡ ಹೆಸರಿಲ್ಲದ ಆಟಗಾರನಿಗೂ ಇಲ್ಲೊಂದು ಸಾಲು ಇರುತ್ತದೆ. ಸಾವಿರ ರೂಪಾಯಿ ಲೆಕ್ಕದ ಬಹುಮಾನವನ್ನೂ ಕೋಟಿಯದನ್ನೂ ಒಂದೇ ಅಚ್ಚುಕಟ್ಟಿನಿಂದ ದಾಖಲಿಸುವ ಈ ಗುಣ ನನಗೆ ಬಹಳ ಮೆಚ್ಚುಗೆಯಾದದ್ದು.

ಬಳಸುವ ಮುನ್ನ ತಿಳಿದಿರಬೇಕಾದ ಮಿತಿಗಳು ಇನ್ನೆರಡಿವೆ. ತಾಣ ಇಂಗ್ಲಿಷಿನಲ್ಲಿದೆ, ಆದರೆ ಪುಟಗಳಲ್ಲಿ ಹೆಸರು ಮತ್ತು ಅಂಕಿಗಳೇ ಹೆಚ್ಚಾಗಿರುವುದರಿಂದ ಇಂಗ್ಲಿಷ್ ಅಭ್ಯಾಸ ಕಡಿಮೆ ಇರುವವರಿಗೂ ಒಮ್ಮೆ ಯಾರಾದರೂ ತೋರಿಸಿಕೊಟ್ಟರೆ ಸಾಕಾಗುತ್ತದೆ. ಎರಡನೆಯದು, ಒಟ್ಟು ಗಳಿಕೆಯಲ್ಲಿ ಸೇರುವುದು ಮೇಜಿನ ಟೂರ್ನಿಗಳು ಮಾತ್ರ. ಸೈಡೆಲ್ ಅವರ ಒಂಬತ್ತನೇ ಬ್ರೇಸ್‌ಲೆಟ್ 2021ರ ಆನ್‌ಲೈನ್ ಟೂರ್ನಿಯದು, ಆ ಹಣ ಅವರ ಮೊತ್ತಕ್ಕೆ ಸೇರುವುದಿಲ್ಲ. ಟೂರ್ನಿಯಿಲ್ಲದೆ ನೇರವಾಗಿ ಹಣವಿಟ್ಟು ಆಡುವ ಕ್ಯಾಶ್ ಗೇಮ್‌ಗಳಂತೂ ಇಲ್ಲಿ ಇಲ್ಲವೇ ಇಲ್ಲ. ಮೇಷ್ಟರು ಐವಿಯ ಪರವಾಗಿ ಇನ್ನೂ ಪಟ್ಟು ಬಿಡದಿರುವುದು ಇದೇ ಕಾರಣಕ್ಕೆ: ಐವಿಯ ಕೀರ್ತಿಯ ಅರ್ಧ ಪಾಲು ಕ್ಯಾಶ್ ಗೇಮ್ ಮೇಜುಗಳಲ್ಲಿ ಹುಟ್ಟಿದ್ದು, ಅಲ್ಲಿ ಕಳೆದ ವರ್ಷಗಳಲ್ಲಿ ಅವರು ಆಡದೆ ಬಿಟ್ಟ ಟೂರ್ನಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತಾರೆ ಅವರು. ಆಡಿದ ಟೂರ್ನಿಗಳನ್ನಷ್ಟೇ ತೂಗಬೇಕು ಎನ್ನುವುದು ನನ್ನ ನಿಲುವು.